ಅಪ್‌ಡೇಟ್: ಗಲ್ಲದ ಉಬ್ಬು ಮಚ್ಚೆ ಹೋಯಿತು
ಕ್ಷೌರದ ಬ್ಲೇಡಿಗೆ ಸಿಕ್ಕಿ ಆಗಾಗ ರಕ್ತ ಬರುತ್ತಿದ್ದ ಗಲ್ಲದ ಮಚ್ಚೆಯನ್ನು ತೆಗೆಯುವುದು ಹೇಗೆಂದು ಹಿಂದೆ ಇಲ್ಲಿ ಕೇಳಿದ್ದೆ; ಕೆಲವರು ಬೆಳ್ಳುಳ್ಳಿ ಕಟ್ಟಲು, ಕೆಲವರು ಸುಣ್ಣ-ಸೋಡಾ ಹಚ್ಚಲು, ಇನ್ನು ಕೆಲವರು ಚರ್ಮವೈದ್ಯರಿಗೆ ತೋರಿಸಲು ಹೇಳಿದ್ದರು. ಆ ಮಚ್ಚೆ ಈಗ ಹೋಯಿತು. ಬೆಳ್ಳುಳ್ಳಿ ಜಜ್ಜಿ ಕಟ್ಟಿದ್ದರಿಂದ ಸುತ್ತಲಿನ ಚರ್ಮ ಸುಟ್ಟು ಕೆಂಪಾಯಿತೇ ಹೊರತು ಮಚ್ಚೆ ಜಗ್ಗಲಿಲ್ಲ. ಸುಣ್ಣ-ಸೋಡಾದ ಸಲಹೆಯನ್ನು ನಮ್ಮ ಅಜ್ಜಿಯೇ ಬೇಡವೆಂದರು. ಫಲಿಸಿದ್ದು, ಚರ್ಮವೈದ್ಯರಿಗೆ ತೋರಿಸಿ ಎಂದವರ ಮಾತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಚರ್ಮದ ಮಟ್ಟಕ್ಕೆ ಹೆರೆದು ತೆಗೆದರು, ಹೊಲಿಗೆಯೂ ಬೇಕಾಗಲಿಲ್ಲ. ನನಗೆ ಅಚ್ಚರಿಯಾದದ್ದು, ಆ ತುಣುಕನ್ನು ಎಸೆಯದೆ ಪುಟ್ಟ ಡಬ್ಬಿಯ ಫಾರ್ಮಾಲಿನ್‌ನಲ್ಲಿ (ತುಣುಕು ಕೆಡದಂತೆ ಇಡುವ ದ್ರವ) ಹಾಕಿ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳುಹಿಸಿದ್ದು. ಲೇಸರ್‌ನಿಂದ ಸುಟ್ಟುಬಿಟ್ಟರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲವಂತೆ. ವರದಿಯಲ್ಲಿ ಕ್ಯಾನ್ಸರ್ ಇಲ್ಲ, ಸದ್ಯ! ಬೇರು ಆಳದಲ್ಲಿ ಉಳಿದಿದ್ದರೆ ಬಣ್ಣವೋ ಕೂದಲೋ ಮರಳಬಹುದು ಎಂದಿದ್ದಾರೆ. ಈಗ ಗುಲಾಬಿ ಕಲೆಯಷ್ಟೇ ಇದೆ. ಬಿಸಿಲಿಗೆ ಕಪ್ಪಾಗದಿರಲೆಂದು ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ.