ಆಫೀಸ್ 2010 ಇನ್ನೂ ಓಡ್ತಿದೆ, ಬದಲಾಯಿಸಲೇಬೇಕಾ?

ಸಾಗರದಿಂದ: ಅಡಿಕೆ ಸೊಸೈಟಿಯ ಸದಸ್ಯರ ಲೆಕ್ಕವೆಲ್ಲ ಹಳೇ ಎಕ್ಸ್‌ಎಲ್‌ಎಸ್ ಫೈಲುಗಳಲ್ಲಿ, ಪತ್ರಗಳು ನುಡಿ ಫಾಂಟಿನಲ್ಲಿ. ಕೆಲಸವೇನೂ ನಿಂತಿಲ್ಲ. ಹೀಗೇ ಮುಂದುವರಿಸಬಹುದಾ?

ಶಿವಮೊಗ್ಗ: 2010ರ ಬೆಂಬಲ 2020ರ ಅಕ್ಟೋಬರ್ 13ಕ್ಕೇ ಮುಗಿದಿದೆ ಸಾರ್. ಆಮೇಲೆ ಸಿಕ್ಕ ದೋಷಗಳಿಗೆ ಅಪ್‌ಡೇಟ್ ಇಲ್ಲ. ಮೇಲ್‌ನಲ್ಲಿ ಬಂದ 'ಬಿಲ್' ತೆರೆದು ಎನೇಬಲ್ ಕಂಟೆಂಟ್ ಒತ್ತಿದರೆ ಮ್ಯಾಕ್ರೋ, ಅಂದರೆ ಫೈಲಿನೊಳಗೆ ಅಡಗಿದ ಪುಟ್ಟ ಪ್ರೋಗ್ರಾಂ, ಓಡುತ್ತೆ. ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನ ಹೊಸ ಆವೃತ್ತಿಗಳು ತಾವೇ ತಡೀತವೆ, ಇದು ತಡಿಯಲ್ಲ. ಅಗ್ಗಕ್ಕೆ ಸಿಗುತ್ತೆ ಅಂತ 2016, 2019 ತಗೋಬೇಡಿ, ಅವೂ 2025ರ ಅಕ್ಟೋಬರ್ 14ಕ್ಕೆ ಮುಗಿದವು.

ತೀರ್ಥಹಳ್ಳಿ: ಬಜೆಟ್ ಇಲ್ಲದಿದ್ದರೆ ಉಚಿತವಾಗಿ ಸಿಗೋ ಲಿಬ್ರೆಆಫೀಸ್ ಸಾಕು. ಮೊದಲು ಇಡೀ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿ, ಕಳಚಿ ಬೀರುವಿನಲ್ಲಿಡಿ. ಆಮೇಲೆ ಹೊಸ ಎಕ್ಸೆಲ್ ಮಾದರಿಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿ, ಪ್ರತಿ ಹಾಳೆಯ ಒಟ್ಟು ಮೊತ್ತ ತಾಳೆ ನೋಡಿ. ಹಳೇ ಫೈಲಿನಲ್ಲಿ ಮ್ಯಾಕ್ರೋ ಇದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಉಳಿಯಲ್ಲ. ನಿಜವಾದ ತಲೆನೋವು ನುಡಿ ಪತ್ರಗಳದ್ದು: ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ. ಎಲ್ಲ ಕಂಪ್ಯೂಟರುಗಳೂ ಓದೋ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಕಣ್ಣಾಡಿಸಿ, ಎಡವೋದು ಅಲ್ಲೇ.

ಹೊಸನಗರ: ವಿಂಡೋಸ್ 7 ಆಗಿದ್ದರೆ ಲಿಬ್ರೆಆಫೀಸ್‌ನ 25.8 ಆವೃತ್ತಿ ಓಡಲ್ಲ. ಹೊಸ ಮಷೀನ್ ಬರೋವರೆಗೆ ಅದರ ನೆಟ್ ಕೇಬಲ್ ಕಿತ್ತಿಡಿ, ಮೇಲ್ ಬೇರೆ ಕಡೆ ನೋಡಿ.