ಹಳೆ ಫಿನಾಲೆ ಫೈಲು, ನುಡಿ ಅಕ್ಷರದ ಸಾಹಿತ್ಯ: ಮ್ಯೂಸ್‌ಸ್ಕೋರ್‌ಗೆ ತರುವುದು ಹೇಗೆ?

ಪ್ರಶ್ನೆ: ನಮಸ್ಕಾರ. ಮಂಗಳೂರಿನ ಒಂದು ಚರ್ಚ್ ಗಾಯನ ತಂಡಕ್ಕೆ ನಾಲ್ಕು ಧ್ವನಿಯ ಹಾಡುಗಳನ್ನು ಬರೆಯುತ್ತೇನೆ. ಸ್ವರಲಿಪಿ ಬರೆಯುವ ತಂತ್ರಾಂಶವಾದ ಫಿನಾಲೆ 2010ರಲ್ಲಿ ಸುಮಾರು 180 ಕನ್ನಡ ಹಾಡುಗಳಿವೆ. ಹಳೆ ಕಂಪ್ಯೂಟರ್ ಈಗಲೋ ಆಗಲೋ ಅನ್ನುವಂತಿದೆ. ಅದೇ ಕೆಲಸದ ಇನ್ನೊಂದು ತಂತ್ರಾಂಶವಾದ ಮ್ಯೂಸ್‌ಸ್ಕೋರ್‌ನಲ್ಲಿ ಆ ಫೈಲು ತೆರೆಯುವುದೇ ಇಲ್ಲ. ಒಂದು ಹಾಡನ್ನು ಮ್ಯೂಸಿಕ್ ಎಕ್ಸ್ಎಂಎಲ್ (ಇಂಥ ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಫೈಲು) ಮಾಡಿ ನೋಡಿದೆ. ಸ್ವರ ಸರಿಯಾಗಿ ಬಂತು, ಸಾಹಿತ್ಯದ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಬೇಡ. ಆದರೆ ತಡ ಮಾಡಬೇಡಿ. ಫಿನಾಲೆಯನ್ನು ಇನ್ನು ಮುಂದೆ ಬೆಳೆಸುವುದಿಲ್ಲ ಎಂದು 2024ರ ಆಗಸ್ಟ್‌ನಲ್ಲೇ ಅದರ ಕಂಪನಿ ಹೇಳಿಬಿಟ್ಟಿದೆ. ಆ ಕಂಪ್ಯೂಟರ್ ಓಡುತ್ತಿರುವಾಗಲೇ 180 ಹಾಡನ್ನೂ ಮ್ಯೂಸಿಕ್ ಎಕ್ಸ್ಎಂಎಲ್ ಆಗಿ ತೆಗೆದಿಡಿ. ಜೊತೆಗೆ ಪ್ರತಿಯೊಂದರ ಪಿಡಿಎಫ್ ಕೂಡ. ಪುಟದ ಜೋಡಣೆ ಪೂರ್ತಿ ಬರುವುದಿಲ್ಲ, ಪಕ್ಕದಲ್ಲಿಟ್ಟು ನೋಡಲು ಪಿಡಿಎಫ್ ಬೇಕೇ ಬೇಕು.

ಈಗ ಸಾಹಿತ್ಯದ ವಿಷಯ. ಫಿನಾಲೆಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಬಂದದ್ದು 2012ರ ಆವೃತ್ತಿಯಲ್ಲಿ. ನೀವು ಹಳೆ ನುಡಿ ಫಾಂಟ್ ಬಳಸಿರಬೇಕು, ಅಲ್ವಾ? ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಕನ್ನಡ ಕಾಣಿಸುತ್ತಿದ್ದುದು ಫಾಂಟಿನಿಂದ. ಹಾಗಾಗಿ ನಿಮ್ಮ ಸಾಹಿತ್ಯ ಕಳೆದುಹೋಗಿಲ್ಲ, ಯೂನಿಕೋಡ್‌ಗೆ ಬದಲಿಸಿದರೆ ಸಾಕು.

ಒಂದು ಎಚ್ಚರಿಕೆ: ಇಡೀ ಎಕ್ಸ್ಎಂಎಲ್ ಫೈಲನ್ನು ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಬೇಡಿ. ಅದರ ಟ್ಯಾಗುಗಳೂ (ಫೈಲಿನ ಒಳಗಿನ ಗುರುತುಪದಗಳು) ಇಂಗ್ಲಿಷ್ ಅಕ್ಷರಗಳೇ. ಅವೂ ಕನ್ನಡವಾಗಿ ಫೈಲೇ ಕೆಟ್ಟುಹೋಗುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಹಾಡು ತೆರೆದು, ಸಾಹಿತ್ಯವನ್ನಷ್ಟೇ ಕಾಪಿ ಮಾಡಿ, ಬದಲಿಸಿ. ಆಮೇಲೆ ಮೊದಲ ಸ್ವರದ ಸಾಹಿತ್ಯದಲ್ಲಿ ನಿಂತು ಪೇಸ್ಟ್ ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೆ ಒಂದೊಂದು ತುಣುಕು ತನ್ನ ಸ್ವರದ ಕೆಳಗೆ ಕೂರುತ್ತದೆ. ಕೊನೆಗೆ ಸಾಹಿತ್ಯದ ಫಾಂಟನ್ನು ಯಾವುದಾದರೂ ಯೂನಿಕೋಡ್ ಕನ್ನಡ ಫಾಂಟಿಗೆ ಬದಲಿಸಿ.

ಪ್ರಶ್ನೆ: ತುಂಬಾ ಧನ್ಯವಾದ. ‘ಧರ್ಮ’ದಂಥ ಪದ ಒಡೆದರೆ ಅರ್ಕಾವತ್ತು ತಪ್ಪುತ್ತದಾ?

ಉತ್ತರ: ಒಳ್ಳೆಯ ಪ್ರಶ್ನೆ, ಅಲ್ಲೇ ಜಾಸ್ತಿ ಎಡವಟ್ಟಾಗುವುದು. ನುಡಿಯಲ್ಲಿ ಅರ್ಕಾವತ್ತು ‘ಮ’ದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಧ-ರ್ಮ ಎಂದು ಒಡೆದಿದ್ದರೆ ಪರಿವರ್ತಕ ಸರಿಮಾಡುತ್ತದೆ. ‘ಮ’ಕ್ಕೂ ಅರ್ಕಾವತ್ತಿಗೂ ನಡುವೆ ಅಡ್ಡಗೆರೆ ಬಿದ್ದಿದ್ದರೆ ಮಾತ್ರ ಕೈಯಲ್ಲೇ ತಿದ್ದಬೇಕು. ಒತ್ತಕ್ಷರಕ್ಕೂ ಹೀಗೇ ನೋಡಿಕೊಳ್ಳಿ.

180 ಹಾಡನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಈ ಕ್ರಿಸ್‌ಮಸ್‌ಗೆ ಹಾಡುವಂಥವನ್ನು ಮೊದಲು ಮುಗಿಸಿ. ಒಂದು ಹಾಡು ಮಾಡಿ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.