ಬಿಸಿಗಾಳಿ ನಿಜಕ್ಕೂ ಹೆಚ್ಚಿದೆಯೇ? ಬಳಗದ ಪ್ರಶ್ನೋತ್ತರ

ನಿರ್ವಾಹಕರು: ಹವಾಮಾನ ವೀಕ್ಷಣಾಲಯದಲ್ಲಿ ದುಡಿದು ನಿವೃತ್ತರಾಗಿ ಚಿಕ್ಕಮಗಳೂರಿನಲ್ಲಿ ನೆಲೆಸಿರುವ ಮೇಡಂ ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.

ಹಾಸನದ ಸದಸ್ಯ: ನಮಸ್ಕಾರ ಮೇಡಂ. ನಿನ್ನೆ ಮೊಬೈಲ್‌ನಲ್ಲಿ 38 ಡಿಗ್ರಿ ತೋರಿಸಿತು. ಇದು ಬಿಸಿಗಾಳಿಯೇ?

ಮೇಡಂ: ನಮಸ್ಕಾರ. ಮೊಬೈಲ್ ತೋರಿಸುವುದು ಲೆಕ್ಕಾಚಾರದ ಅಂದಾಜು, ನಿಮ್ಮ ಬೀದಿಯಲ್ಲಿ ಯಾರೋ ಅಳೆದದ್ದಲ್ಲ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಗರಿಷ್ಠ ತಾಪಮಾನ ಬಯಲಿನಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿಯನ್ನಾದರೂ ಮುಟ್ಟಬೇಕು. ಜೊತೆಗೆ ವಾಡಿಕೆಗಿಂತ, ಅಂದರೆ ಆ ಊರಿನ ಆ ಕಾಲದ ಹಲವು ವರ್ಷಗಳ ಸರಾಸರಿಗಿಂತ, ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಹೀಗೆ ಕಂಡರೆ ಎರಡನೆಯ ದಿನ ಘೋಷಿಸುತ್ತಾರೆ. 45 ಮುಟ್ಟಿದರೆ ವಾಡಿಕೆಯ ಮಾತಿಲ್ಲ, ಅದು ಬಿಸಿಗಾಳಿಯೇ.

ಸಕಲೇಶಪುರದ ಬೆಳೆಗಾರ: ಮೇಡಂ, ನಮ್ಮ ತೋಟದಲ್ಲಿ ತಾತನವರ ಕಾಲದಿಂದ, ಅಂದರೆ 1968ರಿಂದ, ದಿನದ ಗರಿಷ್ಠ ತಾಪಮಾನ ಬರೆದಿಟ್ಟ ಪುಸ್ತಕಗಳಿವೆ. ತಾತ ಬೆಳಿಗ್ಗೆ ಓದಿ ಬರೆಯುತ್ತಿದ್ದರು. 1994ರಲ್ಲಿ ತಾರಸಿ ಮನೆ ಕಟ್ಟಿದ ಮೇಲೆ ಥರ್ಮಾಮೀಟರನ್ನು ಹೆಂಚಿನ ಜಗುಲಿಯಿಂದ ತೆಗೆದು ಕಾಫಿ ಕಣದ ಕಡೆಯ ಗೋಡೆಗೆ ಹಾಕಿದರು. ಅಪ್ಪ ಮಧ್ಯಾಹ್ನ ಮೂರಕ್ಕೆ ಓದುತ್ತಿದ್ದರು. 34 ದಾಟಿದ ದಿನಗಳು ಆಮೇಲೆ ಮೂರು ಪಟ್ಟಾಗಿವೆ. ಬಿಸಿಗಾಳಿ ಮೂರು ಪಟ್ಟಾಯಿತು ಎಂದು ಪತ್ರಿಕೆಗೆ ಬರೆಯಬಹುದೇ?

ಮೇಡಂ: ದಯವಿಟ್ಟು ಈಗಲೇ ಬರೆಯಬೇಡಿ. ಆ ಪುಸ್ತಕಗಳನ್ನು ಮಾತ್ರ ಜೋಪಾನವಾಗಿಡಿ.

1994ರಲ್ಲಿ ಬದಲಾದದ್ದು ಹವೆಯೊಂದೇ ಅಲ್ಲ. ಸಿಮೆಂಟಿನ ಕಣ ಬಿಸಿಲನ್ನು ಹೀರಿ ಗೋಡೆಯ ಮೇಲೆ ಕಾರುತ್ತದೆ. ಅಲ್ಲಿ ತೂಗುವ ಉಪಕರಣ ಕಣವನ್ನು ಅಳೆಯುತ್ತದೆ, ಸಕಲೇಶಪುರದ ಗಾಳಿಯನ್ನಲ್ಲ. ವೀಕ್ಷಣಾಲಯಗಳಲ್ಲಿ ಬಿಳಿ ಬಣ್ಣದ, ಗಾಳಿಯಾಡುವ, ಥರ್ಮಾಮೀಟರ್ ಇಡುವ ಸ್ಟೀವನ್‌ಸನ್ ಪೆಟ್ಟಿಗೆಯನ್ನು ನೆಲದಿಂದ ಎದೆಯೆತ್ತರದಲ್ಲಿ, ಬಾಗಿಲು ಉತ್ತರಕ್ಕೆ ಬರುವಂತೆ ಇಡುವುದು ಇದಕ್ಕಾಗಿಯೇ.

ಓದುವ ಹೊತ್ತು ಬದಲಾದದ್ದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಗರಿಷ್ಠ ಥರ್ಮಾಮೀಟರಿನಲ್ಲಿ ಪಾದರಸ ಏರಿದಲ್ಲೇ ನಿಲ್ಲುತ್ತದೆ. ಓದಿದ ಮೇಲೆ ಅದನ್ನು ಕೊಡವಿ ಇಳಿಸುತ್ತೇವಲ್ಲ, ಬೆಳಿಗ್ಗೆ ಇಳಿಸಿದರೆ ತೊಂದರೆಯಿಲ್ಲ. ಮಧ್ಯಾಹ್ನ ಮೂರಕ್ಕೆ ಇಳಿಸಿದಾಗ ಸುತ್ತಲ ಗಾಳಿ ಇನ್ನೂ 35ರಲ್ಲೇ ಇದ್ದರೆ ಪಾದರಸ ಅದಕ್ಕಿಂತ ಕೆಳಗೆ ನಿಲ್ಲುವುದಿಲ್ಲ. ಮರುದಿನ ಮಳೆ ಬಂದು 29ಕ್ಕೆ ತಂಪಾದರೂ ಪುಸ್ತಕದಲ್ಲಿ 35 ಎಂದೇ ಬೀಳುತ್ತದೆ. ಒಂದು ಬಿಸಿ ದಿನ ಎರಡಾಗುತ್ತದೆ. ಸತತ ದಿನಗಳನ್ನೇ ಎಣಿಸುವ ಬಿಸಿಗಾಳಿಯ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ.

ಈಗ ಮಾಡಬೇಕಾದದ್ದು: 1994ರ ಮೊದಲಿನದನ್ನೂ ನಂತರದ್ದನ್ನೂ ಬೇರೆ ಬೇರೆ ಸರಣಿಗಳಾಗಿ ಇಡಿ. ಹತ್ತಿರದ ವೀಕ್ಷಣಾಲಯದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಎರಡರ ನಡುವಿನ ವ್ಯತ್ಯಾಸ 1994ರಲ್ಲಿ ಹಠಾತ್ತನೆ ಮೇಲಕ್ಕೆ ಹಾರಿದ್ದರೆ ಅದು ಗೋಡೆಯ ಕೆಲಸ. ಆಮೇಲೂ ಉಳಿಯುವ ನಿಧಾನದ ಏರಿಕೆ ಹವೆಯದು. ಆ ಏರಿಕೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗೋಡೆಯ ಬಿಸಿಯನ್ನು ಅದರ ತಲೆಗೆ ಕಟ್ಟಬೇಡಿ ಎನ್ನುತ್ತಿದ್ದೇನೆ.

ಕಡೂರಿನ ಸದಸ್ಯ: ಭರಣಿ ಮಳೆ ಈ ವರ್ಷ ಬರುತ್ತದೆಯೇ ಮೇಡಂ?

ಹಾಸನದ ಎಂ.ಎಸ್‌ಸಿ. ವಿದ್ಯಾರ್ಥಿನಿ: ಮೇಡಂ, ಇಡೀ ದೇಶಕ್ಕೆ ದೀರ್ಘಕಾಲದ ಬದಲಾವಣೆ ಅಳೆಯುವುದು ನನ್ನ ಯೋಜನೆ. 40 ಡಿಗ್ರಿಯ ಗಡಿ ಇಟ್ಟುಕೊಂಡರೆ ಸಾಕೇ?

ಮೇಡಂ: ಸಾಲದು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಆ ಸೀಮೆಗೆ 40 ಬೇಸಿಗೆಯ ದಿನಚರಿ. ಮಲೆನಾಡಿಗೆ 40 ಬರುವುದು ತೀರಾ ಅಪರೂಪ, ಆದರೆ ಇಲ್ಲಿನ ಜನ, ದನ, ಅರೇಬಿಕಾ ಕಾಫಿ ಗಿಡ ಎಲ್ಲವೂ ಬಿಸಿಲಿಗೆ ಬಳಲುತ್ತವೆ. ಆಯಾ ಊರಿನ ಆಯಾ ದಿನಾಂಕಕ್ಕೆ ನೂರರಲ್ಲಿ ತೊಂಬತ್ತು ದಿನ ದಾಟದ ತಾಪಮಾನವನ್ನು ಗಡಿಯಾಗಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಸೂಚ್ಯಂಕವೊಂದು ಅದನ್ನು ಸತತ ಆರು ದಿನ ದಾಟಿದರೆ ಎಣಿಸುತ್ತದೆ.

ಆಧಾರದ ಅವಧಿಯನ್ನು ನಡುವೆ ಬದಲಿಸಬೇಡಿ. ವಾಡಿಕೆಯನ್ನು 1961–1990ರಿಂದ 1991–2020ಕ್ಕೆ ಸರಿಸಿದರೆ ಆಗಲೇ ಆಗಿರುವ ಏರಿಕೆ ವಾಡಿಕೆಯೊಳಗೆ ಅಡಗಿ ಬಿಸಿಗಾಳಿ ಕಡಿಮೆಯಾದಂತೆ ಕಾಣುತ್ತದೆ. ಏಪ್ರಿಲ್–ಜೂನ್ ಮಾತ್ರ ಎಣಿಸುವುದೂ ಬೇಡ; ಸರಾಸರಿ ಗರಿಷ್ಠ ತಾಪಮಾನದಲ್ಲಿ 1901ರಿಂದೀಚೆಗೆ ದೇಶದ ಅತಿ ಬಿಸಿಯಾದ ಮಾರ್ಚ್ 2022ರದ್ದು, ಅದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ರಾತ್ರಿಯ ಕನಿಷ್ಠ ತಾಪಮಾನ, ಗಾಳಿಯ ತೇವ ಎರಡನ್ನೂ ಸೇರಿಸಿ. ಗಂಗಾ ಬಯಲಿನಲ್ಲಿ ನೀರಾವರಿ ಮತ್ತು ದೂಳು–ಹೊಗೆ ಹಗಲಿನ ಏರಿಕೆಯನ್ನು ತಗ್ಗಿಸಿ ತೋರಿಸುತ್ತವೆ. ಹಾಗೆಂದು ಗದ್ದೆಯಲ್ಲಿ ದುಡಿಯುವವರಿಗೆ ಅಪಾಯ ತಗ್ಗಿಲ್ಲ, ತೇವ ಹೆಚ್ಚಿದಷ್ಟೂ ಬೆವರು ಆರುವುದಿಲ್ಲ.

ವಿದ್ಯಾರ್ಥಿನಿ: ಏರಿಕೆ ಆಕಸ್ಮಿಕವೋ ಅಲ್ಲವೋ ತಿಳಿಯಲು?

ಮೇಡಂ: ಅದಕ್ಕೆ ಮ್ಯಾನ್–ಕೆಂಡಾಲ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ, ಏರಿಕೆಯ ವೇಗ ಅಳೆಯಲು ಸೆನ್ ವಿಧಾನ. ಅಂಕಿಗಳನ್ನು ಶುದ್ಧ ಮಾಡಿದ ಮೇಲೆ, ಮೊದಲಲ್ಲ.

ಬೇಲೂರಿನ ಸದಸ್ಯ: ಹಾಸನದಲ್ಲಿ 37 ಆದರೆ ಬಿಸಿಗಾಳಿ ಅಲ್ಲವೇ?

ಮೇಡಂ: ಮೊದಲ ಉತ್ತರ ಓದಿ.

ಅರಸೀಕೆರೆಯ ಸದಸ್ಯ: (ಫಾರ್ವರ್ಡ್) "ಮುಂದಿನ ಐದು ದಿನ ಈಕ್ವಿನಾಕ್ಸ್ ಪರಿಣಾಮ! ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಿ! ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ! ಎಲ್ಲರಿಗೂ ತಲುಪಿಸಿ!"

ಮೇಡಂ: ತಲುಪಿಸಬೇಡಿ. ಈಕ್ವಿನಾಕ್ಸ್ ಅಂದರೆ ಹಗಲು–ರಾತ್ರಿ ಸಮನಾಗುವ ವಿಷುವ ದಿನ, ವರ್ಷಕ್ಕೆ ಎರಡು ಬಾರಿ ಬರುತ್ತದೆ, ಅದು ಬಿಸಿಗಾಳಿ ತರುವುದಿಲ್ಲ. ಜೇಬಿನ ಈರುಳ್ಳಿ ಯಾರ ಮೈಯನ್ನೂ ತಂಪು ಮಾಡುವುದಿಲ್ಲ. ತಣ್ಣೀರಿಗೆ ಹೆದರಿ ಬಾಯಾರಿಕೊಂಡೇ ತೋಟದಲ್ಲಿ ದುಡಿಯುವವರು ಸಾಯುತ್ತಾರೆ. ಮೈ ಸುಡುತ್ತಾ ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ನೆರಳಿಗೆ ಸರಿಸಿ, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. 2015ರ ಮೇ ತಿಂಗಳಲ್ಲಿ ಈ ದೇಶದಲ್ಲಿ ಬಿಸಿಗಾಳಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಆಂಧ್ರ ಮತ್ತು ತೆಲಂಗಾಣದಲ್ಲಿ. ಇದು ಆಟದ ವಿಷಯವಲ್ಲ.

ಅರಸೀಕೆರೆಯ ಸದಸ್ಯ: ಹಿರಿಯರು ಹೇಳಿದ್ದನ್ನು ಹಾಕಿದೆ ಅಷ್ಟೆ. ಅಳೆಯುವುದೇನಿದೆ? ಮಲೆನಾಡಿನವರು ಮರ ಕಡಿದರು, ನಮ್ಮ ತೆಂಗು ಒಣಗಿತು.

ಮೂಡಿಗೆರೆಯ ಬೆಳೆಗಾರ: ನಾವು ಮಾಡುವುದು ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವುದು, ಮರ ಕಡಿಯುವುದಲ್ಲ. ನೆರಳಿಲ್ಲದೆ ಕಾಫಿ ಉಳಿಯುತ್ತದೆಯೇ? ನಿಮ್ಮಲ್ಲಿ ಕೊಳವೆಬಾವಿ ಕೊರೆದವರು ಯಾರು?

ಅರಸೀಕೆರೆಯ ಸದಸ್ಯ: ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟವರು ನಮಗೆ ಪಾಠ ಹೇಳುವುದು ಬೇಡ.

ಮೂಡಿಗೆರೆಯ ಬೆಳೆಗಾರ: ತೋಟಕ್ಕೆ ಒಮ್ಮೆಯೂ ಕಾಲಿಡದವರ ಮಾತಿಗೆ ಬೆಲೆಯಿಲ್ಲ.

ಅರಸೀಕೆರೆಯ ಸದಸ್ಯ: ಹಾಗಾದರೆ ಬಳಗ ಕಾಫಿಯವರದ್ದು ಮಾತ್ರ ಎಂದು ಬರೆದುಬಿಡಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಬಾಣಾವರದ ಶಿಕ್ಷಕಿ: ಶಾಲೆಯ ತಗಡಿನ ಚಾವಣಿಯ ಕೋಣೆಯಲ್ಲಿ ಮಧ್ಯಾಹ್ನ ಮಕ್ಕಳನ್ನು ಕೂರಿಸಬಹುದೇ ಮೇಡಂ?

ಮೂಡಿಗೆರೆಯ ಬೆಳೆಗಾರ: ಮೊದಲು ಶುರು ಮಾಡಿದವರು ಕ್ಷಮೆ ಕೇಳಲಿ.

ಆಲೂರಿನ ಸದಸ್ಯ: ಕಾರಿನ ಮೀಟರ್ 41 ತೋರಿಸಿತು. ಬಿಸಿಗಾಳಿಯೇ?

ಮೇಡಂ: ಅಲ್ಲ. ಅದು ಡಾಂಬರಿನ ಬಿಸಿ. ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಸಕಲೇಶಪುರದ ಬೆಳೆಗಾರ: ಮೇಡಂ, ಹೊಸ ಡಿಜಿಟಲ್ ಉಪಕರಣ ತಂದಿದ್ದೇನೆ. ಹಳೆಯದನ್ನು ತೆಗೆಯಲೇ?

ಮೇಡಂ: ತೆಗೆಯಬೇಡಿ. ಹೊಸದನ್ನು ಕಣದಿಂದ ದೂರ, ಪೆಟ್ಟಿಗೆಯೊಳಗೆ ಇಡಿ. ಹಳೆಯದು ಗೋಡೆಯ ಮೇಲೆಯೇ ಇರಲಿ. ಕನಿಷ್ಠ ಒಂದು ವರ್ಷ ಎರಡನ್ನೂ ಬರೆಯಿರಿ, ಎರಡಾದರೆ ಇನ್ನೂ ಒಳ್ಳೆಯದು. ಗೋಡೆಯ ಬಿಸಿಗಾಗಿ ಅಪ್ಪನವರ ಅಂಕಿಗಳಿಂದ ಎಷ್ಟು ಕಳೆಯಬೇಕು ಎಂಬುದು ಆಗ ತಿಳಿಯುತ್ತದೆ. ಹಳೆಯದನ್ನು ಮೂರಕ್ಕೂ ಓದಿ ಇಳಿಸಬೇಡಿ, ಬೆಳಿಗ್ಗೆ ಮಾತ್ರ ಇಳಿಸಿ. ಪುಸ್ತಕದ ಅಂಚಿನಲ್ಲಿ ತಾತ ಏನಾದರೂ ಬರೆದಿದ್ದರೆ ಅದರ ಚಿತ್ರ ನನಗೆ ಕಳುಹಿಸಿ.